ಹಂಚಿನ ಮಾಡಿಗೆ 18 ತಿಂಗಳ ಲೆಕ್ಕ

ಹಂಚಿನ ಮನೆಯವರಿಗೆ ಜುಲೈ ಎಂದರೆ ಪಾತ್ರೆ ಎಣಿಸುವ ತಿಂಗಳು. ಚಾವಡಿಗೆ ಒಂದು ಬಕೆಟ್, ಅಡುಗೆ ಕೋಣೆಗೆ ಒಂದು ತಪಲೆ, ಮಂಚದ ಕಾಲಿನ ಬಳಿ ಒಂದು ಚೆಂಬು. ರಾತ್ರಿ ಟಪ್ ಟಪ್ ಸದ್ದು ಕೇಳಿಕೊಂಡು ಮಲಗುವುದು, ಬೆಳಗ್ಗೆ ಎದ್ದು ನೀರು ಚೆಲ್ಲುವುದು. ಸೆಪ್ಟೆಂಬರ್ ದಾಟಿದ ಮೇಲೆ ಪಾತ್ರೆಗಳೆಲ್ಲ ಅವುಗಳ ಜಾಗಕ್ಕೆ ಹೋಗುತ್ತವೆ, ಸೋರಿದ್ದು ಮರೆತೂ ಹೋಗುತ್ತದೆ. 'ಈ ವರ್ಷ ಹೇಗೋ ಕಳೀತು, ಬರುವ ವರ್ಷ ನೋಡುವ' ಎನ್ನುವ ಮಾತು ನಮ್ಮ ಕರಾವಳಿಯ ಎಷ್ಟು ಮನೆಗಳಲ್ಲಿ ಎಷ್ಟು ವರ್ಷಗಳಿಂದ ನಡೆದುಕೊಂಡು ಬಂದಿದೆಯೋ.

ನಮ್ಮ ಮನೆಯಲ್ಲೂ ಅದೇ ಮಾತು ನಡೆಯುತ್ತಿತ್ತು. ಬಂಟ್ವಾಳ ತಾಲೂಕಿನಲ್ಲಿರುವ, ಉಪ್ಪ ಕಟ್ಟಿಸಿದ ಮನೆ ಅದು. 60 ವರ್ಷ ದಾಟಿದೆ. ಕೆಂಪು ಕಲ್ಲಿನ ಗೋಡೆ, ಕಲ್ಲಿನ ನಡುವೆ ಮಣ್ಣಿನ ಗಾರೆ, ಮೇಲೆ ಮಂಗಳೂರು ಹಂಚು. ಅಲ್ಲಿ ಈಗ ಉಮ್ಮ, ಕಿರಿಯ ತಮ್ಮ ಮತ್ತು ಅವನ ಸಂಸಾರ ಇರುವುದು. 2024ರ ಜುಲೈಯ ಮಳೆಗೆ ಉಮ್ಮ ಮಲಗುವ ಕೋಣೆಯ ಮೇಲಿನ ಪಕ್ಕಾಸು ಒಂದು ಕೆಳಗೆ ಜಗ್ಗಿತು. ಬಿದ್ದಿರಲಿಲ್ಲ, ಆದರೆ ಇನ್ನು ಪಾತ್ರೆ ಇಟ್ಟು ಮುಗಿಯುವ ಕೆಲಸ ಅಲ್ಲ ಎಂಬುದು ಗೊತ್ತಾಯಿತು. ಆವತ್ತಿನಿಂದ ಮಾಡು ಹೊದಿಸಿ ಮುಗಿಯುವವರೆಗೆ ನಾವು ಮಾಡಿದ ಲೆಕ್ಕವನ್ನು ಇಲ್ಲಿ ಬಿಡಿಸಿ ಇಡುತ್ತಿದ್ದೇವೆ. ಇಂಥದ್ದೇ ಮನೆ ಇರುವವರು ತಮ್ಮ ತಮ್ಮ ಊರಿನ ದರ ಹಾಕಿಕೊಂಡು ನೋಡಬಹುದು.

ಮೊದಲು ಬಂದ ಪ್ರಶ್ನೆ ಹಣದ್ದಲ್ಲ. ಹಂಚೋ, ತಾರಸಿಯೋ? ದಮ್ಮಾಮ್‌ನಲ್ಲಿರುವ ಅಣ್ಣನಿಗೆ ತಾರಸಿಯೇ ಆಗಬೇಕು. ಪ್ರತಿ ವರ್ಷ ಹಂಚು ಒಡೆಯುವುದು, ಮಂಗ ಹತ್ತುವುದು, ತೆಂಗಿನ ಮಡಲು ಬೀಳುವುದು ಇದೆಲ್ಲ ಒಮ್ಮೆಗೇ ಮುಗಿಯಲಿ ಎಂಬುದು ಅವನ ವಾದ. ತಪ್ಪೇನಲ್ಲ. ಆದರೆ ಮಣ್ಣಿನ ಗಾರೆಯ ಗೋಡೆ ಅದನ್ನು ಕೇಳಬೇಕಲ್ಲ. ಕಾಂಕ್ರೀಟು ಒಂದು ಘನ ಮೀಟರಿಗೆ ಸುಮಾರು 2,500 ಕಿಲೋ ತೂಗುತ್ತದೆ. 5 ಇಂಚು ದಪ್ಪದ ಸ್ಲಾಬ್ ಹಾಕಿದರೆ ಒಂದು ಚದರ ಮೀಟರಿಗೆ 300 ಕಿಲೋಗಿಂತ ಹೆಚ್ಚು ಭಾರ. ಅಷ್ಟೇ ಜಾಗಕ್ಕೆ ಹಂಚು ಸುಮಾರು 15 ಬೇಕು, ಒಂದಕ್ಕೆ ಎರಡೂವರೆ ಕಿಲೋ ಹಿಡಿದರೂ 40 ಕಿಲೋ ಆಗುವುದಿಲ್ಲ. ಪಕ್ಕಾಸು, ರೀಪು ಸೇರಿಸಿ 60-70 ಕಿಲೋ ಎನ್ನಿ. ಅಂದರೆ ಹಂಚಿಗೆಂದು ಕಟ್ಟಿದ ಗೋಡೆಯ ಮೇಲೆ ನಾಲ್ಕೈದು ಪಟ್ಟು ಭಾರ ಹೇರಿದ ಹಾಗೆ. ತಾರಸಿ ಬೇಕಾದರೆ ಗೋಡೆ ಕೆಡವಿ ಪಂಚಾಂಗದಿಂದ ಮೇಲೆ ಹೊಸದಾಗಿ ಬರಬೇಕು. ಚದರ ಅಡಿಗೆ 2,000 ರೂಪಾಯಿ ಎಂದಿಟ್ಟುಕೊಂಡರೂ 1,000 ಚದರ ಅಡಿಗೆ 20 ಲಕ್ಷ. ಅದು ಮಾಡಿನ ಬಜೆಟ್ ಅಲ್ಲ, ಮನೆಯ ಬಜೆಟ್. ಎರಡನ್ನೂ ಒಂದೇ ಮಾತಿನಲ್ಲಿ ಸೇರಿಸಿದ ಮನೆಗಳಲ್ಲಿ ಹೆಚ್ಚಾಗಿ ಎರಡೂ ಆಗುವುದಿಲ್ಲ, ಸೋರುವುದು ಮಾತ್ರ ಮುಂದುವರಿಯುತ್ತದೆ.

ಶೀಟು ಹಾಕುವ ಮಾತೂ ಬಂತು. ಕಬ್ಬಿಣದ ಪೈಪಿನ ಮೇಲೆ ಬಣ್ಣದ ಶೀಟು, ನಾಲ್ಕೈದು ದಿನದ ಕೆಲಸ, ಖರ್ಚೂ ಕಡಿಮೆ. ಕೊಟ್ಟಿಗೆಗೋ ಅಂಗಳದ ಚಪ್ಪರಕ್ಕೋ ಅದು ಸರಿಯೇ. ಆದರೆ ಮಲಗುವ ಕೋಣೆಯ ಮೇಲೆ ಶೀಟು ಇದ್ದರೆ ಏಪ್ರಿಲ್ ಮಧ್ಯಾಹ್ನ ಒಳಗೆ ಕೂರಲಾಗದು, ಜುಲೈಯಲ್ಲಿ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕೇಳದು. ಕಡಲ ಹತ್ತಿರದ ಊರಾದರೆ ಉಪ್ಪು ಗಾಳಿಗೆ ತುಕ್ಕಿನ ಭಯ ಬೇರೆ. ಉಮ್ಮನಿಗೆ 74 ವರ್ಷ. ಈ ವಯಸ್ಸಿನಲ್ಲಿ ಅವರನ್ನು ತಗಡಿನ ಕೆಳಗೆ ಮಲಗಿಸುವುದು ನಮಗೆ ಯಾರಿಗೂ ಮನಸ್ಸಾಗಲಿಲ್ಲ. ಹಂಚೇ ಎಂದಾಯಿತು. ಬಾಸೆಲ್ ಮಿಷನ್‌ನವರು 1860ರ ದಶಕದಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದಂದಿನಿಂದ ಈ ಮಳೆಯನ್ನು ಅದು ತಡೆದುಕೊಂಡು ಬಂದಿದೆ. ನೆಟ್ಟಗೆ ಹಾಕಿದರೆ ಇನ್ನೂ ತಡೆಯುತ್ತದೆ.

ಇನ್ನು ಅಳತೆ. ಇದನ್ನು ಬಡಗಿ ಹೇಳಿದ ಒಂದು ಸಂಖ್ಯೆಯ ಮೇಲೆ ಬಿಡುವುದಕ್ಕಿಂತ ಮನೆಯವರೇ ಟೇಪು ಹಿಡಿಯುವುದು ಒಳ್ಳೆಯದು. ನಮ್ಮ ಮನೆಯ ಗೋಡೆ 40 ಅಡಿ ಉದ್ದ, 25 ಅಡಿ ಅಗಲ. ಸೂರು ಸುತ್ತ ಎರಡೂವರೆ ಅಡಿ ಹೊರಗೆ ಬರುತ್ತದೆ. ಹಾಗಾಗಿ ಮಾಡು ಮುಚ್ಚುವ ನೆಲ 45ಕ್ಕೆ 30, ಅಂದರೆ 1,350 ಚದರ ಅಡಿ. ಮಾಡು ಇಳಿಜಾರಾಗಿ ಇರುವುದರಿಂದ ಅದರ ಮೈ ಇದಕ್ಕಿಂತ ದೊಡ್ಡದು. ಇಳಿಜಾರು 30 ಡಿಗ್ರಿಯಾದರೆ ಸುಮಾರು ಶೇ. 15 ಹೆಚ್ಚು ಹಿಡಿಯಬೇಕು. ನಮಗೆ 1,560 ಚದರ ಅಡಿ ಬಂತು. ನೂರು ಚದರ ಅಡಿಗೆ 150 ಹಂಚು ಎಂಬ ಲೆಕ್ಕದಲ್ಲಿ 2,340 ಹಂಚು. ಹತ್ತಿರ ಹತ್ತಿರ 6 ಟನ್ ಭಾರ ತಲೆಯ ಮೇಲೆ. ಅದರ ಮೇಲೆ ಬೀಳುವ ನೀರನ್ನೂ ಲೆಕ್ಕ ಹಾಕಿದೆವು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಆ ಮಾಡಿನ ಮೇಲೆ ವರ್ಷಕ್ಕೆ ಬೀಳುವುದು ಸುಮಾರು 5 ಲಕ್ಷ ಲೀಟರ್. ಇಷ್ಟು ನೀರು ಹರಿಯುವ ಕಡೆ ಒಂದು ಹಂಚು ಬಿರುಕು ಬಿಟ್ಟರೂ ಸಣ್ಣ ವಿಷಯ ಹೇಗಾದೀತು?

ಮಾಡು ನೋಡುವುದಕ್ಕೆ ಎರಡು ಕಾಲ ಉಂಟು. ಒಂದು ಜೋರು ಮಳೆಯ ದಿನ. ಆಗ ಸೋರುವ ಕಡೆಯೆಲ್ಲ ಅಟ್ಟದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಬೇಕು, ಯಾಕೆಂದರೆ ನೀರು ಒಂದು ಕಡೆ ಒಳಗೆ ಬಂದು ಪಕ್ಕಾಸಿನ ಮೇಲೆ ಹರಿದು ಇನ್ನೊಂದು ಕಡೆ ಬೀಳುತ್ತದೆ. ಇನ್ನೊಂದು ಮಳೆ ಬಿಟ್ಟ ಮೇಲಿನ ಮಧ್ಯಾಹ್ನ. ಅಟ್ಟದಲ್ಲಿ ದೀಪ ಆರಿಸಿ ಕೂತರೆ ಬೆಳಕಿನ ಚುಕ್ಕೆಗಳು ಕಾಣುತ್ತವೆ, ಅವುಗಳನ್ನು ಎಣಿಸಬಹುದು. ಮರಕ್ಕೆ ಸ್ಕ್ರೂಡ್ರೈವರ್ ಒತ್ತಿ ನೋಡಬೇಕು. ಸುಲಭವಾಗಿ ಒಳಗೆ ಹೋದರೆ ಆ ಮರ ಹೋಯಿತು. ಹೆಚ್ಚಾಗಿ ಕೆಡುವುದು ಗೋಡೆಯ ಮೇಲೆ ಕೂರುವ ಪಕ್ಕಾಸಿನ ಬುಡ, ಮತ್ತು ಎರಡು ಮಾಡು ಕೂಡುವ ಮೂಲೆಯಲ್ಲಿ ತಗಡಿನ ಕೆಳಗಿರುವ ಮರ. ಒರಲೆ ಹಿಡಿದಿದ್ದರೆ ಗೋಡೆಯ ಮೇಲೆ ಮಣ್ಣಿನ ಗೆರೆ ಕಾಣುತ್ತದೆ. ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ: ಒಳ್ಳೆಯದು ಠಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ಮಂಕು ಸದ್ದು ಮಾಡುತ್ತದೆ.

ಹಾಗೆ ನೋಡಿದಾಗ ನಮ್ಮ ಪಕ್ಕಾಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗಟ್ಟಿ ಇದ್ದವು. ಉಪ್ಪ ಹಾಕಿಸಿದ್ದು ಹೆಬ್ಬಲಸು. ಒಟ್ಟು 780 ಅಡಿಯಲ್ಲಿ 300 ಅಡಿ ಬದಲಿಸಿದರೆ ಸಾಕು. ರೀಪುಗಳು ಮಾತ್ರ ಪೂರ್ತಿ ಹೋಗಿದ್ದವು, 1,500 ಅಡಿ. 4 ಇಂಚಿಗೆ 2 ಇಂಚಿನ ಪಕ್ಕಾಸು 300 ಅಡಿಗೆ ಹದಿನೇಳು ಘನ ಅಡಿಗೆ ಸ್ವಲ್ಪ ಕಡಿಮೆ, 2 ಇಂಚಿಗೆ 1 ಇಂಚಿನ ರೀಪು 1,500 ಅಡಿಗೆ ಇಪ್ಪತ್ತೊಂದು ಘನ ಅಡಿಗೆ ಸ್ವಲ್ಪ ಕಡಿಮೆ. ಒಟ್ಟು ಮೂವತ್ತೇಳೂವರೆ ಘನ ಅಡಿ ಮರ. ಮಿಲ್ಲಿಗೆ ಹೋಗುವಾಗ ಈ ಸಂಖ್ಯೆ ಕೈಯಲ್ಲಿದ್ದರೆ ಮಾತಿನ ಧಾಟಿಯೇ ಬೇರೆ ಇರುತ್ತದೆ.

ಹಂಚಿನಲ್ಲಿ 1,500 ಪುನಃ ಬಳಸಬಹುದು ಎಂದು ಅಂದಾಜಿಸಿದೆವು. 840 ಕಡಿಮೆ ಬಿತ್ತು, ಕೈಮೀಸಲು 100 ಸೇರಿ 940. ಇಲ್ಲಿ ಒಂದು ಸೂಕ್ಷ್ಮ ಇದೆ. ಎಲ್ಲ ಹಂಚೂ ನೋಡಲು ಒಂದೇ, ಆದರೆ ಒಂದು ಕಾರ್ಖಾನೆಯ ಹಂಚಿನ ಕಚ್ಚು ಇನ್ನೊಂದರದ್ದಕ್ಕೆ ಸರಿಯಾಗಿ ಕೂರುವುದಿಲ್ಲ. ಕೂರದ ಕಡೆ ನೀರು ಬರುತ್ತದೆ. ಅದಕ್ಕೆ ಹೊಸದು ಹಳೆಯದು ಬೆರೆಸದೆ, ಹಳೆಯದನ್ನೆಲ್ಲ ಎದುರಿನ ಮಾಡಿಗೆ ಒಟ್ಟು ಮಾಡಿ, ಹೊಸದನ್ನು ಹಿಂದಿನ ಮಾಡಿಗೆ ಹಾಕಿಸುವುದು ಎಂದು ಮಾಡಿದೆವು. ಹಳೆ ಮನೆ ಕೆಡವಿದ ಕಡೆ ಹಂಚು ಅಗ್ಗಕ್ಕೆ ಸಿಗುತ್ತದೆ, ಕೆಲವೊಮ್ಮೆ ಹೊಸದಕ್ಕಿಂತ ಗಟ್ಟಿಯೂ ಇರುತ್ತದೆ. ಆದರೆ ಹಿಂಬದಿಯ ಮುದ್ರೆ ನೋಡಿ, ನಿಮ್ಮದೇ ಕಾರ್ಖಾನೆಯದ್ದಾದರೆ ಮಾತ್ರ ತನ್ನಿ.

ಈಗ ರೂಪಾಯಿ. ಹಂಚು ಒಂದಕ್ಕೆ 50ರಂತೆ 47,000. ಮರ ಘನ ಅಡಿಗೆ 2,000ದಂತೆ 75,000. ಇಬ್ಬರು ಬಡಗಿಗಳು ದಿನಕ್ಕೆ 1,200, ನಾಲ್ವರು ಸಹಾಯಕರು 900, ಅಂದರೆ ದಿನಕ್ಕೆ 6,000; ಹನ್ನೆರಡು ದಿನಕ್ಕೆ 72,000. ಮೊಳೆ, ಮೂಲೆಯ ತಗಡು, ನೆತ್ತಿಯ ಹಂಚು ಕೂರಿಸುವ ಸಿಮೆಂಟು, ಮರಕ್ಕೆ ಬಳಿಯುವ ಗೇರು ಎಣ್ಣೆ ಎಲ್ಲ ಸೇರಿ 15,000. ಸಾಗಾಟ 8,000. ಟಾರ್ಪಾಲು 4,000. ಕೆಲಸದವರ ಚಾ, ಊಟ 6,000. ಒಟ್ಟು 2,27,000. ಊಟದ ಖರ್ಚನ್ನು ಬರೆಯುವುದೇನು ಎಂದು ತಮ್ಮ ಕೇಳಿದ. ಅಡುಗೆ ಮಾಡುವವಳು ಅವನ ಹೆಂಡತಿ, ಅಕ್ಕಿ ಮೀನು ಅವನ ಕಿಸೆಯಿಂದ. ಬರೆಯದಿದ್ದರೆ ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ, ಅದಕ್ಕೇ ಬರೆದೆವು.

ಅದರ ಮೇಲೆ ಶೇ. 15 ಕೈಮೀಸಲು, 34,000. ಹಳೆ ಮನೆಯಲ್ಲಿ ಇದನ್ನು ಬಿಡಲೇಬಾರದು. ಹಂಚು ಇಳಿಸುವವರೆಗೆ ಗೋಡೆಯ ತಲೆ ಹೇಗಿದೆ ಎಂದು ಯಾರಿಗೂ ಕಾಣುವುದಿಲ್ಲ. ಹಾಗೆ ನಮ್ಮ ಗುರಿ 2,60,000 ಆಯಿತು.

ಸಾಲ ಬೇಡ ಎಂಬುದು ಉಮ್ಮನ ಒಂದೇ ಷರತ್ತು. ಬಡ್ಡಿಯ ಹಣದ ಮಾಡಿನ ಕೆಳಗೆ ನಮಾಝ್ ಮಾಡುವುದು ಅವರಿಗೆ ಇಷ್ಟವಿಲ್ಲ. ಚಿನ್ನ ಅಡವು ಇಡುವ ಮಾತನ್ನೂ ಅವರು ಒಪ್ಪಲಿಲ್ಲ. ಹಾಗಾದರೆ ಕೂಡಿಡುವುದೊಂದೇ ದಾರಿ. ಐವರು ಮಕ್ಕಳು. ಅಣ್ಣ ತಿಂಗಳಿಗೆ 5,000, ಊರಲ್ಲಿರುವ ಇಬ್ಬರು ಸಹೋದರರು 3,500ರಂತೆ, ಇಬ್ಬರು ಸಹೋದರಿಯರು 1,000ದಂತೆ. ತಿಂಗಳಿಗೆ 14,000. 2024ರ ಜುಲೈಯಿಂದ 2025ರ ಡಿಸೆಂಬರ್‌ವರೆಗೆ 18 ತಿಂಗಳು. ಅದರಲ್ಲಿ ಎರಡು ತಿಂಗಳು ಮೊದಲೇ ಬಿಟ್ಟೆವು: 2025ರ ಮಾರ್ಚ್‌ನಲ್ಲಿ ರಮಝಾನ್, ಜೂನ್‌ನಲ್ಲಿ ಮಕ್ಕಳ ಶಾಲೆ. ಆ ಎರಡು ತಿಂಗಳು ಯಾರ ಕೈಯಲ್ಲೂ ಉಳಿಯುವುದಿಲ್ಲ ಎಂದು ಗೊತ್ತಿದ್ದೂ ಲೆಕ್ಕಕ್ಕೆ ಸೇರಿಸಿದರೆ ಮೊದಲ ತಪ್ಪು ಕಂತು ಅಲ್ಲೇ ಬೀಳುತ್ತದೆ. ಒಮ್ಮೆ ತಪ್ಪಿದ್ದು ಮತ್ತೆ ಮತ್ತೆ ತಪ್ಪುತ್ತದೆ. ಉಳಿದ 16 ತಿಂಗಳಿಗೆ 2,24,000 ಆಯಿತು.

ಇನ್ನೂ 36,000 ಬೇಕು. ಅದು ಬಂದದ್ದು ಉಮ್ಮನಿಂದಲೇ. ನೆರೆಮನೆಯ ಹೆಂಗಸರು ಹನ್ನೆರಡು ಮಂದಿ ಸೇರಿ ತಿಂಗಳಿಗೆ 3,000ದ ಚೀಟಿ ನಡೆಸುತ್ತಾರೆ. ಏಲ ಇಲ್ಲ, ಕಮಿಷನ್ ಇಲ್ಲ, ಪ್ರತಿ ತಿಂಗಳು ಹೆಸರೆತ್ತಿ ಒಬ್ಬರಿಗೆ ಪೂರ್ತಿ 36,000 ಕೊಡುವುದು. ಉಮ್ಮ ಹಿತ್ತಿಲಿನ ತೆಂಗಿನಕಾಯಿ ಮಾರಿದ ಹಣ ಅದಕ್ಕೆ ಕಟ್ಟಿದರು. ಇಂಥ ಚೀಟಿಯಲ್ಲಿ ಬರೆಹ ಕಡಿಮೆ, ನಂಬಿಕೆ ಹೆಚ್ಚು. ಪರಿಚಯದ ಹನ್ನೆರಡು ಮಂದಿಗೆ ಅದು ಸಾಕು. ಇದಕ್ಕಿಂತ ದೊಡ್ಡದಾದರೆ, ಅಥವಾ ಎಲ್ಲಿಂದಲೋ ಬಂದವರು ಹೆಚ್ಚು ಲಾಭ ಎಂದು ಹಣ ಕೇಳಿದರೆ, 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿ ಆಗಿದೆಯೇ ಎಂದು ಕೇಳಬೇಕು. ಕೇಳಿದ್ದಕ್ಕೆ ಕೋಪ ಬಂದರೆ ಅಲ್ಲಿಂದ ಎದ್ದು ಬರಬೇಕು.

ಕೂಡಿಟ್ಟ ಹಣವನ್ನು ಮನೆ ಖರ್ಚಿನ ಖಾತೆಯಲ್ಲಿ ಇಡಲಿಲ್ಲ. ಉಮ್ಮ ಮತ್ತು ದೊಡ್ಡ ಸಹೋದರಿಯ ಹೆಸರಲ್ಲಿ ಜಂಟಿ ಖಾತೆ ತೆರೆದೆವು, ಇಬ್ಬರ ಸಹಿ ಇಲ್ಲದೆ ಹಣ ಬರದು. ಊರಲ್ಲೇ ಇರುವ ಗಂಡಸರ ಕೈಗೆ ಯಾಕೆ ಕೊಡಲಿಲ್ಲ ಎಂದರೆ, ಗಂಡಸರ ಕೈಯಲ್ಲಿದ್ದರೆ ಅದು ಯಾರದಾದರೂ ಅಂಗಡಿಯ ಬಂಡವಾಳಕ್ಕೆ 'ಒಂದು ವಾರಕ್ಕೆ' ಹೋಗುತ್ತದೆ. ವ್ಯಾಪಾರಿಗಳ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿಚಾರ. ವರ್ಷ ತುಂಬಿದ ಉಳಿತಾಯಕ್ಕೆ ಝಕಾತ್‌ನ ಪ್ರಶ್ನೆಯೂ ಬರುತ್ತದೆ. ಮನೆ ರಿಪೇರಿಗೆ ಎಂದು ಇಟ್ಟದ್ದು ಎಂಬ ಕಾರಣಕ್ಕೆ ಅದು ತಾನಾಗಿ ಬಿಟ್ಟುಹೋಗುವುದಿಲ್ಲ. ನಿಮ್ಮ ಉಸ್ತಾದರಲ್ಲಿ ಕೇಳಿಕೊಳ್ಳಿ.

ಹಣವನ್ನು ಬೇಗ ಸಾಮಾನಾಗಿ ಮಾಡುವುದು ಇನ್ನೊಂದು ಉಪಾಯ. 2025ರ ಏಪ್ರಿಲ್ ಹೊತ್ತಿಗೆ ಖಾತೆಯಲ್ಲಿ 1,26,000 ಇತ್ತು. ಅದರಲ್ಲಿ 75,000ಕ್ಕೆ ಮರ ತಂದು ಕೊಟ್ಟಿಗೆಯಲ್ಲಿ, ನಡುವೆ ಗಾಳಿಯಾಡುವಂತೆ ಅಡ್ಡಪಟ್ಟಿ ಕೊಟ್ಟು ಜೋಡಿಸಿ ಇಟ್ಟೆವು. ಹಸಿ ಮರ ಮೇಲೇರಿಸಿದರೆ ಅಲ್ಲೇ ಒಣಗಿ ತಿರುಚುತ್ತದೆ, ಹಂಚು ಎದ್ದು ನಿಲ್ಲುತ್ತದೆ. ಎಂಟು ತಿಂಗಳು ನೆರಳಲ್ಲಿ ಒಣಗಿದ್ದು ಒಳ್ಳೆಯದೇ ಆಯಿತು. ಆ ವರ್ಷ ಬೇಸಗೆಯಲ್ಲೇ ಕೆಲಸ ಶುರು ಮಾಡಿ ಬಿಡುವ ಎಂದವರೂ ಇದ್ದರು. ಅರ್ಧ ಹಣದಲ್ಲಿ ಮಾಡು ಬಿಚ್ಚುವುದು ಬೇಡ ಎಂದು ತಡೆದೆವು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ತಡವಿಲ್ಲದೆ ನಮ್ಮ ಕರಾವಳಿಗೂ ಬಂತು. ಮೇ ತಿಂಗಳನ್ನು ನಂಬಿ ಹಂಚು ಇಳಿಸಿದವರ ಪಾಡು ಏನಾಗಿರಬೇಡ. ನಾವು ಆ ಮಳೆಗಾಲವನ್ನು ಜಗ್ಗಿದ ಪಕ್ಕಾಸಿಗೆ ಕೆಳಗಿನಿಂದ ಒಂದು ಊರೆ ಕೊಟ್ಟು, ಮೇಲೆ ಟಾರ್ಪಾಲು ಕಟ್ಟಿ, ಉಮ್ಮನ ಮಂಚವನ್ನು ಚಾವಡಿಗೆ ಸರಿಸಿ ಕಳೆದೆವು.

ಹಣಕ್ಕಿಂತ ಕಷ್ಟದ್ದು ಪಾಲಿನ ಮಾತು. ಮನೆ ಇನ್ನೂ ತೀರಿಹೋದ ಉಪ್ಪನ ಹೆಸರಲ್ಲೇ ಇದೆ. ನಮ್ಮ ವಾರೀಸಿನ ಲೆಕ್ಕದಲ್ಲಿ ಉಮ್ಮನಿಗೆ ಎಂಟರಲ್ಲಿ ಒಂದು, ಉಳಿದದ್ದು ಮಕ್ಕಳಿಗೆ, ಗಂಡಿಗೆ ಎರಡಾದರೆ ಹೆಣ್ಣಿಗೆ ಒಂದು. ಮೂವರು ಗಂಡು, ಇಬ್ಬರು ಹೆಣ್ಣು ಇರುವ ನಮ್ಮ ಮನೆಯನ್ನು 64 ಪಾಲು ಮಾಡಿದರೆ ಉಮ್ಮನಿಗೆ 8, ಗಂಡು ಮಕ್ಕಳಿಗೆ 14ರಂತೆ, ಹೆಣ್ಣು ಮಕ್ಕಳಿಗೆ 7ರಂತೆ. ಹಾಗಾದರೆ ಮಾಡಿನ ಖರ್ಚೂ ಹೀಗೇ ಹೋಗಬೇಕೋ? ಅಲ್ಲಿ ವಾಸ ಮಾಡುವುದು ತಮ್ಮ, ಅವನೇ ಹೆಚ್ಚು ಹಾಕಬೇಕೋ? ಅಥವಾ ಹೆಚ್ಚು ಸಂಪಾದನೆ ಇರುವ ಅಣ್ಣನೋ? ನಾಳೆ ಮನೆ ಪಾಲಾಗುವಾಗ 'ಮಾಡು ಹಾಕಿಸಿದ್ದು ನಾನು' ಎಂದು ಯಾರಾದರೂ ಎದ್ದರೆ?

ಈ ಪ್ರಶ್ನೆಗಳನ್ನು ಕೇಳಿದಾಗ ಮನೆಯಲ್ಲಿ ಒಂದು ಬಗೆಯ ಮೌನ ಬರುತ್ತದೆ. ಒಡಹುಟ್ಟಿದವರ ನಡುವೆ ಬರೆದಿಡುವುದೇ ಅವಮಾನ ಎಂದು ಕೆಲವರಿಗೆ ಅನಿಸುತ್ತದೆ. ನಮ್ಮ ಅಭಿಪ್ರಾಯ ಬೇರೆ. ಹತ್ತು ವರ್ಷ ಕಳೆದ ಮೇಲೆ ಆಗುವ ಜಗಳಕ್ಕಿಂತ ಇವತ್ತಿನ ಅರ್ಧ ಗಂಟೆಯ ಮುಜುಗರ ಎಷ್ಟೋ ವಾಸಿ. ಕೊಡುವ ಹಣ ಉಮ್ಮನಿಗೆ ಕೊಟ್ಟ ಹದಿಯಾ ಎಂದೋ, ಪಾಲಾಗುವಾಗ ಹಿಂದಕ್ಕೆ ಸಿಗಬೇಕಾದ ಸಾಲ ಎಂದೋ ಪ್ರತಿಯೊಬ್ಬರೂ ಮೊದಲೇ ಹೇಳಬೇಕು. ಒಂದು ನೋಟ್‌ಬುಕ್ಕಿನಲ್ಲಿ ಬರೆದೆವು, ಐವರೂ ಸಹಿ ಹಾಕಿದೆವು. ದಮ್ಮಾಮ್‌ನ ಅಣ್ಣ ಫೋನಿನಲ್ಲಿ ಹೇಳಿದ್ದನ್ನು ಬರೆದು, ರಜೆಗೆ ಬಂದಾಗ ಸಹಿ ತೆಗೆದುಕೊಂಡೆವು. ನಾಲ್ವರು ಹದಿಯಾ ಎಂದು ಬರೆದರು. ಸಣ್ಣ ಸಹೋದರಿ ಮಾತ್ರ ತನ್ನದು ಸಾಲ ಎಂದಳು. ಅವಳ ಗಂಡನ ಸಂಪಾದನೆ ಅಷ್ಟಕ್ಕಷ್ಟೇ, 16,000 ಅವಳಿಗೆ ಸಣ್ಣದಲ್ಲ. ಒಬ್ಬರ ಮುಖ ಸಣ್ಣಗಾಯಿತು ನಿಜ. ಆದರೆ ಅವಳು ಬಾಯಿ ಬಿಟ್ಟು ಹೇಳಿದ್ದು ಒಳ್ಳೆಯದೇ ಆಯಿತು.

ಕೆಲಸ 2026ರ ಜನವರಿಯಲ್ಲಿ ಆಯಿತು. ಫೆಬ್ರವರಿ ನಡುವಿಗೆ ರಮಝಾನ್ ಬರುವುದಿತ್ತು, ಅದಕ್ಕೆ ಮೊದಲೇ ಮುಗಿಸಬೇಕಿತ್ತು. ಈಗಿನ ವರ್ಷಗಳಲ್ಲಿ ಉಪವಾಸ ಮಾಡು ರಿಪೇರಿಯ ಕಾಲದಲ್ಲೇ ಬೀಳುತ್ತಿದೆ, ದಿನ ಗೊತ್ತು ಮಾಡುವಾಗ ಕ್ಯಾಲೆಂಡರ್ ನೋಡಿಕೊಳ್ಳಿ. ಅರ್ಧ ಮಾಡು ಬಿಚ್ಚಿ, ಅದು ಮುಗಿದ ಮೇಲೆ ಇನ್ನರ್ಧ. ಮನೆ ಬಿಡುವ ಅಗತ್ಯ ಬೀಳಲಿಲ್ಲ, ಉಮ್ಮ ಮಾತ್ರ ದೂಳಿಗೆ ಹೆದರಿ ಮಗಳ ಮನೆಗೆ ಹೋದರು. ಗುತ್ತಿಗೆಗೆ ಕೊಡುವುದೋ ದಿನಗೂಲಿಯೋ ಎಂಬಲ್ಲಿ ನಾವು ದಿನಗೂಲಿ ಆರಿಸಿದೆವು, ಯಾಕೆಂದರೆ ಗುತ್ತಿಗೆಯವರಿಗೆ ಹಳೆ ಹಂಚು ಉಳಿಸುವ ತಾಳ್ಮೆ ಇರುವುದಿಲ್ಲ. ಆದರೆ ದಿನಗೂಲಿಯಾದರೆ ಮನೆಯವರೊಬ್ಬರು ಪೂರ್ತಿ ಹೊತ್ತು ನಿಲ್ಲಬೇಕು. ಅದಕ್ಕೆ ಆಗದವರು ಗುತ್ತಿಗೆಗೇ ಕೊಡಲಿ, ಮುಂಗಡ ಮಾತ್ರ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೇಡ.

ಬಿಚ್ಚಿದಾಗ ಕಂಡದ್ದು ಕೈಮೀಸಲಿನ ಅಗತ್ಯ. ಹಿಂದಿನ ಗೋಡೆಯ ತಲೆಯ ಮೇಲಿನ ಅಡ್ಡಮರ 14 ಅಡಿಯಷ್ಟು ಒರಲೆ ತಿಂದು ಟೊಳ್ಳಾಗಿತ್ತು. ಹೊಸ ಮರಕ್ಕೆ 5,000, ಕಲ್ಲು ಕೂರಿಸಿದ ಮೇಸ್ತ್ರಿಗೆ 4,000, ಎರಡು ದಿನ ಹೆಚ್ಚು ಕೆಲಸಕ್ಕೆ 12,000. ಒಟ್ಟು 21,000. ಎಲ್ಲ ಸೇರಿ 2,48,000 ಖರ್ಚಾಯಿತು, 12,000 ಉಳಿಯಿತು. ಅದನ್ನು ಹಿಂದಕ್ಕೆ ಹಂಚಲಿಲ್ಲ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಹಂಚಿನ ಮೇಲಿನ ಕಸ, ಪಾಚಿ ಗುಡಿಸಿ, ಒಡೆದದ್ದು ಬದಲಿಸಲು ಆಳು ಬೇಕು, ಅದಕ್ಕೆಂದು ಅದೇ ಖಾತೆಯಲ್ಲಿ ಬಿಟ್ಟೆವು. ಮನೆಗೆ ತಾಗಿದಂತೆ ಬಾಗಿದ್ದ ಒಂದು ತೆಂಗಿನ ಮರವನ್ನೂ ಕಡಿಸುವುದಿದೆ. ಉಮ್ಮ ಇನ್ನೂ ಒಪ್ಪಿಲ್ಲ, ಚೀಟಿಯ ಹಣ ಬಂದದ್ದು ಆ ಮರದ ಕಾಯಿಯಿಂದಲೂ ಹೌದಲ್ಲ.

ಒಂದು ವಿಷಯ ಬಿಟ್ಟುಹೋಗಬಾರದು. ಮಳೆಗೆ ಮಾಡು ಅಥವಾ ಗೋಡೆ ಕುಸಿದರೆ ಸರಕಾರದ ಪರಿಹಾರ ಇದೆ. ಕೂಡಲೇ ಫೋಟೊ ತೆಗೆದು ಗ್ರಾಮ ಆಡಳಿತಾಧಿಕಾರಿಗೆ ತಿಳಿಸಬೇಕು, ಅವರು ಬಂದು ನೋಡುವ ಮೊದಲು ಎಲ್ಲ ತೆಗೆದು ಸ್ವಚ್ಛ ಮಾಡಬಾರದು. ಆದರೆ ಅದು ಬಿದ್ದ ಮೇಲಿನ ಮಾತು. ಮೆಲ್ಲಮೆಲ್ಲ ಕೊಳೆಯುವ ಮರಕ್ಕೆ ಅದರಲ್ಲಿ ಜಾಗವಿಲ್ಲ. ಬಜೆಟ್ ಹಾಕುವಾಗ ಆ ಹಣವನ್ನು ಬರುವ ಹಣದ ಪಟ್ಟಿಗೆ ಸೇರಿಸಬೇಡಿ.

ನೋಟ್‌ಬುಕ್ಕು ಈಗ ಉಮ್ಮನ ಕಪಾಟಿನಲ್ಲಿದೆ. ಉಪ್ಪನ ಹೆಸರಿನಿಂದ ಖಾತೆ ಬದಲಾಯಿಸುವ ಅರ್ಜಿ ಇನ್ನೂ ಹಾಕಿಲ್ಲ. ಅಣ್ಣ ಮುಂದಿನ ರಜೆಗೆ ಬಂದಾಗ ಆ ಮಾತು ಎತ್ತಬೇಕು, 64 ಪಾಲಿನದ್ದೂ ಸಹ. ಸಣ್ಣ ಸಹೋದರಿಯ 16,000 ಅಲ್ಲಿ ಮೊದಲು ತೆಗೆದಿಡುವುದು ಎಂದು ಎಲ್ಲರೂ ಒಪ್ಪಿದ್ದೇವೆ.